ಸಾಲಿನಲ್ಲಿ ನಿಂತು ಕಲಿಯಲಾಗದ ಆಟ

ಹದಿನೆಂಟು ಮಕ್ಕಳ ಒಂದು ತಂಡ ಅಭ್ಯಾಸಕ್ಕೆ ಬಂದಿದೆ ಎಂದುಕೊಳ್ಳೋಣ. ಕೋಚ್ ಅವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮುಂದಿರುವ ಮಗು ಚೆಂಡು ಹಿಡಿದು ಓಡುತ್ತದೆ, ಗೋಲಿನತ್ತ ಎಸೆಯುತ್ತದೆ, ತಿರುಗಿ ಬಂದು ಸಾಲಿನ ಕೊನೆಗೆ ಸೇರುತ್ತದೆ. ಒಂದೊಂದು ಸರದಿಗೆ 10 ಸೆಕೆಂಡು ಹಿಡಿದರೆ ಅದೇ ಮಗುವಿಗೆ ಮತ್ತೆ ಚೆಂಡು ಸಿಗುವುದು 3 ನಿಮಿಷದ ನಂತರ. ಹತ್ತು ನಿಮಿಷದಲ್ಲಿ ಅದು ಎಸೆಯುವುದು ಮೂರು ಸಲ, ಹೆಚ್ಚೆಂದರೆ ನಾಲ್ಕು ಸಲ. ಉಳಿದ ಸುಮಾರು ಒಂಬತ್ತೂವರೆ ನಿಮಿಷ ಮುಂದಿನವರ ಬೆನ್ನು ನೋಡಿಕೊಂಡು ನಿಂತಿರುತ್ತದೆ. ಅದೇ ಹತ್ತು ನಿಮಿಷ ಮಕ್ಕಳನ್ನು ಇಬ್ಬಿಬ್ಬರಾಗಿ ಒಡೆದು ಪಾಸ್ ಮಾಡಿಸಿದರೆ, 3 ಸೆಕೆಂಡಿಗೊಂದು ಎಸೆತದ ಲೆಕ್ಕದಲ್ಲಿ, ಪ್ರತಿ ಮಗುವಿಗೆ ನೂರು ಎಸೆತ, ನೂರು ಹಿಡಿತ ದಕ್ಕುತ್ತವೆ. ಮಕ್ಕಳ ಬಾಕ್ಸ್ ಲಕ್ರಾಸ್ ತಂಡಕ್ಕೆ ಯಾವ ಬಗೆಯ ಅಭ್ಯಾಸ ಬೇಕು ಎಂಬ ಚರ್ಚೆಯನ್ನು ಈ ಲೆಕ್ಕದಿಂದಲೇ ಆರಂಭಿಸಬೇಕು. ಆದರೆ ಅಲ್ಲಿಗೇ ನಿಲ್ಲಿಸಬಾರದು. ಚೆಂಡು ಎಷ್ಟು ಸಲ ಕೈಗೆ ಬಂತು ಎನ್ನುವುದರ ಜೊತೆಗೆ, ಬಂದಾಗಲೆಲ್ಲ ಮಗು ಏನನ್ನು ನೋಡಿ ಏನನ್ನು ತೀರ್ಮಾನಿಸಿತು ಎನ್ನುವುದೂ ಮುಖ್ಯ. ಅಭ್ಯಾಸವೂ ಆಟದಂತೆಯೇ ಇರಬೇಕು, ಅದರ ಅಳತೆ ಮಾತ್ರ ಕಿರಿದಾಗಬೇಕು. ಈ ಬರಹದ ವಾದ ಇಷ್ಟೇ.

ಲಕ್ರಾಸ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರಲ್ಲ. ತುದಿಯಲ್ಲಿ ಬಲೆಯ ಜೋಳಿಗೆ ಇರುವ ಕೋಲಿನಿಂದ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಸಾಗಿಸಿ, ಎಸೆದು ಎದುರಾಳಿಯ ಗೋಲಿಗೆ ಸೇರಿಸುವ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. ಅವರಲ್ಲಿ ಹೋಡೆನೊಶೋನಿ ಜನರಿಗೆ ಇಂದಿಗೂ ಇದು ಸೃಷ್ಟಿಕರ್ತನ ಆಟ, ಕಾಯಿಲೆಗೆ ಮದ್ದಾಗುವ ಆಟ. ಹುಲ್ಲು ಮೈದಾನದ ಈ ಆಟವನ್ನು ನಾಲ್ಕು ಗೋಡೆಗಳ ನಡುವೆ ತಂದದ್ದು ಕೆನಡಾ. 1930ರ ದಶಕದ ಆರಂಭದಲ್ಲಿ, ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದ ಐಸ್ ಹಾಕಿ ಅಂಗಣಗಳನ್ನು ತುಂಬಿಸಲು ಮಾಂಟ್ರಿಯಲ್‌ನ ಹಾಕಿ ತಂಡದ ಮಾಲೀಕರು ಹಿಡಿದ ದಾರಿ ಅದು. ಕೆಲವೇ ವರ್ಷಗಳಲ್ಲಿ ಹೀಗೆ ಹುಟ್ಟಿದ ಬಾಕ್ಸ್ ಲಕ್ರಾಸ್ ಆ ದೇಶದ ಮುಖ್ಯ ಲಕ್ರಾಸ್ ಆಯಿತು. 1994ರಲ್ಲಿ ಸಂಸತ್ತು ಲಕ್ರಾಸನ್ನು ಕೆನಡಾದ ರಾಷ್ಟ್ರೀಯ ಬೇಸಿಗೆ ಕ್ರೀಡೆ ಎಂದು ಕಾನೂನಿನ ಮೂಲಕ ಘೋಷಿಸಿತು. ಅಲ್ಲಿನ ಕಿರಿಯರ ರಾಷ್ಟ್ರಮಟ್ಟದ ಪ್ರಶಸ್ತಿಯ ಹೆಸರು ಮಿಂಟೋ ಕಪ್. 1901ರಲ್ಲಿ ಅದನ್ನು ಕೊಟ್ಟವರು ಆಗ ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಮಿಂಟೋ. ಮುಂದೆ ಭಾರತದ ವೈಸರಾಯ್ ಆಗಿ ಬಂದು, ಬೆಂಗಳೂರಿನ ಕಣ್ಣಾಸ್ಪತ್ರೆಗೂ ಹೆಸರಾದವರು ಅವರೇ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟನ್ನು ಸೇರಿಸಿದ ದಿನವೇ ಲಕ್ರಾಸನ್ನೂ ಸೇರಿಸಿತು. ಅಲ್ಲಿ ಆಡುವುದು ಆರಾರು ಜನರ ಹೊರಾಂಗಣ ಆಟವಾದರೂ, ತಂಡದ ಗಾತ್ರ ಮತ್ತು ವೇಗದಲ್ಲಿ ಅದು ಬಾಕ್ಸ್ ಲಕ್ರಾಸ್‌ಗೆ ಬಹಳ ಹತ್ತಿರ. ಕೆನಡಾದ ಬ್ರಾಂಪ್ಟನ್, ಮಿಸಿಸಾಗಾಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗಂತೂ ಇದು ಪಕ್ಕದ ಬೀದಿಯ ಆಟ.

ಗೋಡೆಗಳ ನಡುವೆ ಬಂದ ಮೇಲೆ ಆಟ ಹೇಗೆ ಬದಲಾಯಿತು ಎಂಬುದನ್ನು ನಮಗೆ ಪರಿಚಿತವಾದ ಅಳತೆಯಲ್ಲೇ ನೋಡಬಹುದು. ಹುಲ್ಲು ಮೈದಾನದ ಲಕ್ರಾಸ್‌ನ ಅಂಗಣ ಸುಮಾರು 330 ಅಡಿ ಉದ್ದ, 180 ಅಡಿ ಅಗಲ. ಎರಡೂ ಕಡೆ ಸೇರಿ ಆಡುವವರು 20 ಜನ. ಒಬ್ಬೊಬ್ಬರ ಪಾಲಿಗೆ 2,970 ಚದರ ಅಡಿ, ಅಂದರೆ ನಲವತ್ತು-ಅರವತ್ತರ ಸೈಟಿಗಿಂತ ಹೆಚ್ಚು ಜಾಗ. ಬಾಕ್ಸ್ ಲಕ್ರಾಸ್ ನಡೆಯುವ ಹಾಕಿ ಅಂಗಣ 200 ಅಡಿಗೆ 85 ಅಡಿ. ಆಡುವವರು ಒಂದು ಕಡೆ ಗೋಲ್‌ಕೀಪರ್ ಸೇರಿ ಆರು, ಒಟ್ಟು ಹನ್ನೆರಡು. ಒಬ್ಬರ ಪಾಲಿಗೆ 1,400 ಚದರ ಅಡಿ ಚಿಲ್ಲರೆ, ಮೂವತ್ತು-ನಲವತ್ತರ ಸೈಟಿಗಿಂತ ತುಸು ಜಾಸ್ತಿ. ಒಂದು ತಂಡ ದಾಳಿಗಿಳಿದಾಗ ಅರ್ಧ ಅಂಗಣದಲ್ಲೇ ಹನ್ನೊಂದು ಜನ ಸೇರುವುದರಿಂದ ಆ ಪಾಲೂ ಅರ್ಧಕ್ಕೆ ಇಳಿಯುತ್ತದೆ. ಮೈದಾನದ ಆಟದ ಗೋಲು 6 ಅಡಿ ಉದ್ದಗಲದ್ದು; ಮಕ್ಕಳ ಬಾಕ್ಸ್ ಲಕ್ರಾಸ್‌ನದು 4 ಅಡಿ. 36 ಚದರ ಅಡಿಯ ಗುರಿ 16ಕ್ಕೆ ಇಳಿದಿದೆ, ಅದರ ಬಹುಪಾಲನ್ನು ದಪ್ಪ ಕವಚ ತೊಟ್ಟ ಗೋಲ್‌ಕೀಪರ್ ತುಂಬಿ ನಿಂತಿರುತ್ತಾರೆ. ಅಂಚಿನ ಹಲಗೆಗೆ ಬಡಿದ ಚೆಂಡು ಹೊರಗೆ ಹೋಗದೆ ಮರಳಿ ಆಟಕ್ಕೇ ಬರುತ್ತದೆ. ದಾಳಿಗೆ ಇರುವ ಗಡುವು 30 ಸೆಕೆಂಡು, ಕಬಡ್ಡಿಯ ರೈಡಿಗೆ ಇರುವಷ್ಟೇ. ಎದುರು ಪಾಳೆಯದೊಳಗೆ ಕಾಲಿಟ್ಟ ರೈಡರ್ ಆ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮನಸ್ಸು ಬದಲಿಸಬೇಕಾಗುತ್ತದೆ ಎಂದು ಬಲ್ಲವರಿಗೆ ಈ ಆಟದ ಬಿಸಿ ಬೇರೆ ಹೇಳಬೇಕಾಗಿಲ್ಲ.

ಜಾಗ ಕುಗ್ಗಿದರೆ ಸಮಯ ಕುಗ್ಗುತ್ತದೆ, ಸಮಯ ಕುಗ್ಗಿದಷ್ಟೂ ತೀರ್ಮಾನದ ಬೆಲೆ ಏರುತ್ತದೆ. ದೂರದಿಂದ ನೇರವಾಗಿ ಬೀಸಿದ ಚೆಂಡು ಈ ಪುಟ್ಟ ಗೋಲಿಗೆ ಹೋಗುವುದು ಅಪರೂಪ. ಗೋಲ್‌ಕೀಪರ್ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಯುವಂತೆ ಚೆಂಡನ್ನು ಅಡ್ಡಡ್ಡ ಸಾಗಿಸಬೇಕು. ಕಾವಲಿಗ ತಿರುಗಿದ ಕ್ಷಣದಲ್ಲೇ ಅವನ ಬೆನ್ನ ಹಿಂದೆ ನುಗ್ಗಬೇಕು, ಜೊತೆಗಾರನಿಗೆ ಅಡ್ಡ ನಿಂತು ದಾರಿ ಬಿಡಿಸಿಕೊಡಬೇಕು. ಅಂದರೆ, ಎಸೆಯುವ ಕೌಶಲದ ಮೊದಲ ಅರ್ಧ ಇರುವುದು ಕಣ್ಣಿನಲ್ಲಿ. ಸಾಲಿನ ಡ್ರಿಲ್‌ನಲ್ಲಿ ಎದುರಾಳಿ ಇಲ್ಲ, ಜೊತೆಗಾರ ಇಲ್ಲ, ಗಡುವು ಇಲ್ಲ. ಎಲ್ಲಿಗೆ ಓಡಬೇಕು, ಯಾವಾಗ ಎಸೆಯಬೇಕು ಎಂಬ ಎರಡು ಪ್ರಶ್ನೆಗೂ ಕೋಚ್ ಮೊದಲೇ ಉತ್ತರ ಕೊಟ್ಟಿರುತ್ತಾರೆ. ಮಗುವಿನ ಪಾಲಿಗೆ ಉಳಿಯುವುದು ಕೈಯ ಚಲನೆ ಮಾತ್ರ. ಭಾನುವಾರದ ಪಂದ್ಯದಲ್ಲಿ ಆ ಚಲನೆ ಯಾವ ಗಳಿಗೆಗೆ ಬೇಕು ಎಂದು ಹೇಳುವವರು ಯಾರೂ ಇರುವುದಿಲ್ಲ. ಅಭ್ಯಾಸದಲ್ಲಿ ಚುರುಕಾಗಿದ್ದ ಮಗು ಪಂದ್ಯದಲ್ಲಿ ತಬ್ಬಿಬ್ಬಾದರೆ ಅದು ಮಗುವಿನ ಕೊರತೆಯೆಂದು ತಿಳಿಯುವುದು ಸುಲಭ. ಪಂದ್ಯ ಕೇಳುವ ಪ್ರಶ್ನೆಯನ್ನು ಅಭ್ಯಾಸ ಒಮ್ಮೆಯೂ ಕೇಳಿರಲಿಲ್ಲ ಎನ್ನುವುದು ಹೆಚ್ಚು ಸರಿ. ಈ ದೋಷ ಒಂದು ಆಟದ್ದೂ ಅಲ್ಲ. ಇಂಗ್ಲೆಂಡಿನ ಕಿರಿಯರ ಫುಟ್‌ಬಾಲ್ ತರಬೇತಿಯನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಭ್ಯಾಸದ ಸಮಯದಲ್ಲಿ ಸುಮಾರು ಮೂರನೇ ಎರಡು ಪಾಲು ಆಟದ ರೂಪವಿಲ್ಲದ ಕಸರತ್ತುಗಳಿಗೇ ಹೋಗುತ್ತಿತ್ತು.

ಕಲಿಕೆಯ ವಿಜ್ಞಾನ ಈ ವಿಷಯದಲ್ಲಿ ಅರ್ಧ ಶತಮಾನದಿಂದ ಮಾತನಾಡುತ್ತಿದೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಪುಟ್ಟ ಚೀಲಗಳನ್ನು ಗುರಿಗೆ ಎಸೆಯಲು ಹೇಳಿದರು. ಒಂದು ಗುಂಪು 3 ಅಡಿ ದೂರದಿಂದಲೇ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು 2 ಅಡಿ ಮತ್ತು 4 ಅಡಿಗಳಿಂದ ಎಸೆಯಿತು. 3 ಅಡಿಯಿಂದ ಎಸೆಯಲೇ ಇಲ್ಲ. ಕೊನೆಗೆ ಎರಡೂ ಗುಂಪುಗಳನ್ನು 3 ಅಡಿಯಲ್ಲೇ ಪರೀಕ್ಷಿಸಿದಾಗ ಗೆದ್ದದ್ದು ಆ ದೂರವನ್ನು ಅಭ್ಯಾಸವೇ ಮಾಡದಿದ್ದ ಗುಂಪು. 1986ರಲ್ಲಿ ಗುಡ್ ಮತ್ತು ಮ್ಯಾಗಿಲ್ ಬ್ಯಾಡ್ಮಿಂಟನ್‌ನ ಮೂರು ಬಗೆಯ ಸರ್ವ್‌ಗಳನ್ನು ಹೊಸಬರಿಗೆ ಕಲಿಸಿ ನೋಡಿದರು. ಒಂದು ಬಗೆ ಮುಗಿಸಿ ಇನ್ನೊಂದಕ್ಕೆ ಹೋದವರಿಗಿಂತ, ಮೂರನ್ನೂ ಕಲಸಿ ಅಭ್ಯಾಸ ಮಾಡಿದವರೇ ಮುಂದೆ ಪರೀಕ್ಷಿಸಿದಾಗ ಚೆನ್ನಾಗಿ ಆಡಿದರು. 1994ರಲ್ಲಿ ಅಮೆರಿಕದ ಕಾಲೇಜು ಬೇಸ್‌ಬಾಲ್ ಆಟಗಾರರ ಮೇಲೆ ನಡೆದ ಪ್ರಯೋಗದಲ್ಲಿ, ಮೂರು ಬಗೆಯ ಎಸೆತಗಳನ್ನು ಬೇರೆ ಬೇರೆಯಾಗಿ ಎದುರಿಸಿದವರ ಬ್ಯಾಟಿಂಗ್ ಶೇ. 25ರಷ್ಟು ಸುಧಾರಿಸಿದರೆ, ಯಾವುದು ಬರುತ್ತದೆಂದು ತಿಳಿಯದೆ ಎದುರಿಸಿದವರದು ಶೇ. 57ರಷ್ಟು ಸುಧಾರಿಸಿತು. ಒಂದೇ ಕೆಲಸವನ್ನು ಬಿಡದೆ ಮಾಡುವಾಗ ಕೈ ಬೇಗ ಪಳಗಿದಂತೆ ಕಾಣುತ್ತದೆ, ಏಕೆಂದರೆ ಎರಡನೆಯ ಸಲದಿಂದ ಯೋಚಿಸಬೇಕಾಗಿಯೇ ಇಲ್ಲ. ಕೆಲಸ ಬದಲಾಗುತ್ತಿದ್ದರೆ ಪ್ರತಿಸಲವೂ ಮೊದಲಿನಿಂದ ಲೆಕ್ಕ ಹಾಕಬೇಕು. ತಡವಾಗುತ್ತದೆ, ತಪ್ಪಾಗುತ್ತದೆ, ಆದರೆ ಕಲಿತದ್ದು ಉಳಿಯುತ್ತದೆ.

ಇದಕ್ಕೂ ಹಿಂದೆ, 1920ರ ದಶಕದಲ್ಲಿ, ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಬೀಸುವ ಅನುಭವಿ ಕೆಲಸಗಾರರ ತೋಳಿನ ಚಲನೆಯನ್ನು ಚಿತ್ರೀಕರಿಸಿ ಅಳೆದಿದ್ದರು. ಸುತ್ತಿಗೆ ಪ್ರತಿಸಲವೂ ಒಂದೇ ಜಾಗಕ್ಕೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಸಾಗಿದ ಹಾದಿ ಯಾವ ಎರಡು ಪೆಟ್ಟಿನಲ್ಲೂ ಒಂದೇ ಆಗಿರಲಿಲ್ಲ. ಪಳಗಿದ ಕೈ ಒಂದು ಚಲನೆಯನ್ನು ಅಚ್ಚೊತ್ತಿದಂತೆ ಮರಳಿ ಮಾಡುವುದಿಲ್ಲ, ಒಂದೇ ಸಮಸ್ಯೆಯನ್ನು ಪ್ರತಿಸಲ ಹೊಸದಾಗಿ ಬಿಡಿಸುತ್ತದೆ. ಮರಳಿ ಮರಳಿ ಮಾಡಬೇಕಾದದ್ದು ಉತ್ತರವನ್ನಲ್ಲ, ಉತ್ತರ ಹುಡುಕುವ ಕೆಲಸವನ್ನು ಎಂದು ಅವರು ಮುಂದೆ ಬೆಳೆಸಿದ ವಿಚಾರ ಇಂದಿನ ಕ್ರೀಡಾ ತರಬೇತಿಯ ಅಡಿಗಲ್ಲುಗಳಲ್ಲಿ ಒಂದು. ಮಕ್ಕಳ ಲಕ್ರಾಸ್ ಕೋಚ್ ತನ್ನ ಪ್ರತಿಯೊಂದು ಡ್ರಿಲ್ಲನ್ನು ಈ ಒರೆಗಲ್ಲಿಗೆ ಹಚ್ಚಬಹುದು: ಇದರಲ್ಲಿ ಮಗುವಿಗೆ ಬಿಡಿಸಲು ಒಂದು ಸಮಸ್ಯೆ ಇದೆಯೇ, ಇಲ್ಲ ಬರೀ ಒಪ್ಪಿಸಬೇಕಾದ ಪಾಠ ಇದೆಯೇ?

ಅಂಥ ಅಭ್ಯಾಸ ಹೇಗಿರುತ್ತದೆ? ಒಂದು ಗಂಟೆಯ ಅವಧಿಯನ್ನು ತೆಗೆದುಕೊಳ್ಳೋಣ. ಮೊದಲ ಹತ್ತು ನಿಮಿಷ ಇಬ್ಬಿಬ್ಬರ ಪಾಸ್, ಆದರೆ ನಿಂತಲ್ಲೇ ಅಲ್ಲ. ಇಬ್ಬರೂ ನಡೆಯುತ್ತ, ಓಡುತ್ತ, ದೂರ ಹೆಚ್ಚಿಸುತ್ತ, ತಗ್ಗಿಸುತ್ತ ಎಸೆಯಬೇಕು. ಹಿಡಿಯುವವರು ಪ್ರತಿಸಲವೂ ಕೋಲಿನ ತುದಿಯನ್ನು ಬೇರೆ ಕಡೆ ಚಾಚಿ ಗುರಿ ತೋರಿಸಬೇಕು. ಬಲಗೈ ಆದ ಮೇಲೆ ಎಡಗೈ. ಇಷ್ಟರಿಂದಲೇ ಕೆರ್ ಮತ್ತು ಬೂತ್ ಕಂಡ ವೈವಿಧ್ಯ ಬಂದುಬಿಡುತ್ತದೆ. ಆಮೇಲೆ ಬಿಡಿಚೆಂಡಿನ ಆಟ. ಕೋಚ್ ಚೆಂಡನ್ನು ಮೂಲೆಯ ಹಲಗೆಗೆ ಉರುಳಿಸುತ್ತಾರೆ, ಎರಡು ಕಡೆಯಿಂದ ಇಬ್ಬಿಬ್ಬರು ನುಗ್ಗುತ್ತಾರೆ. ಚೆಂಡು ಹಲಗೆಯಿಂದ ಯಾವ ಕೋನದಲ್ಲಿ ಚಿಮ್ಮುತ್ತದೆ, ಮೊದಲು ಎದುರಾಳಿಗೆ ಮೈ ಅಡ್ಡ ಕೊಡಬೇಕೋ ಕೋಲು ಹಾಕಬೇಕೋ, ಜೊತೆಗಾರ ಎಲ್ಲಿ ನಿಂತರೆ ಚೆಂಡು ಬಿಡುಗಡೆಯಾಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಎರಡು ಸೆಕೆಂಡಿನಲ್ಲಿ ಉತ್ತರ ಕಾಣಬೇಕು. ಮೂರನೆಯದು ಇಬ್ಬರ ವಿರುದ್ಧ ಒಬ್ಬರು. ಚೆಂಡು ಹಿಡಿದವರು ಕಾವಲಿಗನ ಮೈ ಎತ್ತ ವಾಲಿದೆಯೆಂದು ಓದಬೇಕು: ತನ್ನತ್ತ ಬಂದರೆ ಪಾಸ್, ಜೊತೆಗಾರನತ್ತ ಸರಿದರೆ ತಾನೇ ಗೋಲಿಗೆ. ಅದೇ ಹೊತ್ತಿಗೆ ಕಾವಲಿಗನೂ ಕಲಿಯುತ್ತಿರುತ್ತಾನೆ, ಇಬ್ಬರ ನಡುವೆ ನಿಂತು ಒಬ್ಬನನ್ನು ಹೇಗೆ ಏಮಾರಿಸುವುದೆಂದು. ಕೆಲವು ಸೆಕೆಂಡು ತಡವಾಗಿ ಹಿಂದಿನಿಂದ ಇನ್ನೊಬ್ಬ ಕಾವಲಿಗನನ್ನು ಓಡಿಬರಲು ಬಿಟ್ಟರೆ ಪಂದ್ಯದ ಗಡುವೂ ಡ್ರಿಲ್‌ನೊಳಗೆ ಬರುತ್ತದೆ.

ಅಭ್ಯಾಸದ ಹೃದಯ ಮಾತ್ರ ಮೂವರ ವಿರುದ್ಧ ಮೂವರ ಆಟ. ಅಂಗಣವನ್ನು ಅಡ್ಡಲಾಗಿ ಮೂರು ಪಾಲು ಮಾಡಿ ಪುಟ್ಟ ಗೋಲುಗಳನ್ನಿಟ್ಟರೆ ಹದಿನೆಂಟು ಮಕ್ಕಳೂ ಒಂದೇ ಹೊತ್ತಿಗೆ ಆಡುತ್ತಾರೆ, ಸಾಲು ತಾನಾಗಿ ಮಾಯವಾಗುತ್ತದೆ. ಕೋಚ್ ಹೇಳಿಕೊಡುವುದಕ್ಕೆ ಬದಲು ನಿಯಮ ಬದಲಿಸುತ್ತಾರೆ. ಪಾಸ್ ಕಡಿಮೆಯಾಯಿತೆಂದರೆ, ಮೂವರೂ ಮುಟ್ಟಿದ ಮೇಲೆಯೇ ಗೋಲು. ನಿಧಾನವಾಯಿತೆಂದರೆ, 10 ಸೆಕೆಂಡಿನ ಗಡುವು. ಚೆಂಡು ಕೊಟ್ಟ ಮೇಲೆ ಮಕ್ಕಳು ನಿಂತುಬಿಡುತ್ತಿದ್ದರೆ, ಪಾಸ್ ಮಾಡಿ ನುಗ್ಗಿದವರೇ ಹೊಡೆದ ಗೋಲಿಗೆ ಎರಡು ಅಂಕ. ಬಲಗೈ ಮಕ್ಕಳನ್ನು ಅಂಗಣದ ಎಡಬದಿಯಲ್ಲಿ, ಎಡಗೈಯವರನ್ನು ಬಲಬದಿಯಲ್ಲಿ ಆಡಿಸಿದರೆ ಕೋಲು ಮಧ್ಯಕ್ಕೆ ಬಂದು ಗೋಲು ಹೆಚ್ಚು ತೆರೆದು ಕಾಣುತ್ತದೆ ಎಂಬ ಬಾಕ್ಸ್ ಲಕ್ರಾಸ್‌ನ ಮೂಲಪಾಠವನ್ನು ಮಕ್ಕಳು ಆಡುತ್ತಲೇ ಕಂಡುಕೊಳ್ಳುತ್ತಾರೆ. ಆಟ ನಿಲ್ಲದೆ ಆಟಗಾರರು ಬದಲಾಗುವುದು ಈ ಕ್ರೀಡೆಯ ರೀತಿ. ಕೊನೆಯ ಹತ್ತು ನಿಮಿಷದ ದೊಡ್ಡ ಆಟದಲ್ಲಿ ಸೀಟಿ ಕೇಳಿದೊಡನೆ ಬೆಂಚಿಗೆ ಓಡಿ ಬದಲಾಗುವುದನ್ನೂ ಸೇರಿಸಬೇಕು. ಗೋಲ್‌ಕೀಪರನ್ನು ಮರೆಯುವುದು ಸಾಮಾನ್ಯ ತಪ್ಪು. ಸಾಲಿನ ಡ್ರಿಲ್‌ನಲ್ಲಿ ಆ ಮಗು ಬರೀ ಗುರಿಫಲಕ. ಮೇಲಿಂದ ಮೇಲೆ ಬೀಳುವ ಚೆಂಡುಗಳ ನಡುವೆ ಸರಿಯಾಗಿ ನಿಲ್ಲಲೂ ಸಮಯವಿರುವುದಿಲ್ಲ. ಪುಟ್ಟ ಆಟದಲ್ಲಿ ಅದು ಪಾಸನ್ನು ಹಿಂಬಾಲಿಸಿ ಸರಿಯುತ್ತದೆ, ತಡೆದ ಚೆಂಡನ್ನು ಯಾರಿಗೆ ಎಸೆದು ಮರುದಾಳಿ ಆರಂಭಿಸಬೇಕೆಂದು ನೋಡುತ್ತದೆ.

ಇದಕ್ಕೆ ಏಳುವ ಮೊದಲ ಆಕ್ಷೇಪ ನಮ್ಮವರಿಗೆ ಕೂಡಲೇ ಹೊಳೆಯುವಂಥದ್ದು. ಸರಳೆ ವರಸೆ ಹಾಡದೆ ಕೀರ್ತನೆಗೆ ಹೋಗುವುದುಂಟೇ? ಚೆಂಡು ಹಿಡಿಯಲೇ ಬಾರದ ಮಗುವನ್ನು ಆಟಕ್ಕಿಳಿಸಿ ಏನು ಫಲ? ಆಕ್ಷೇಪದಲ್ಲಿ ತಿರುಳಿದೆ, ಸಂಶೋಧನೆಯೂ ಅದನ್ನು ಒಂದು ಮಟ್ಟಿಗೆ ಒಪ್ಪುತ್ತದೆ. ಕಲಸಿದ ಅಭ್ಯಾಸದ ಲಾಭ ಪ್ರಯೋಗಾಲಯದಲ್ಲಿ ಕಂಡಷ್ಟು ದೊಡ್ಡದಾಗಿ ನಿಜವಾದ ಮೈದಾನದಲ್ಲಿ ಕಂಡಿಲ್ಲ. ತೀರಾ ಹೊಸಬರಿಗೆ ಆರಂಭದಲ್ಲಿ ಒಂದೇ ಕೆಲಸದ ಅಭ್ಯಾಸ ನೆರವಾಗುವುದೂ ಉಂಟು. 2004ರಲ್ಲಿ ಗ್ವಾಡನ್ಯೋಲಿ ಮತ್ತು ಲೀ ಮಂಡಿಸಿದ ಚೌಕಟ್ಟು ಇದನ್ನೇ ಹೇಳುತ್ತದೆ: ಕಷ್ಟದ ಮಟ್ಟ ಕಲಿಯುವವರ ಮಟ್ಟಕ್ಕೆ ಹೊಂದಬೇಕು, ಬಹಳ ಸುಲಭವಾದರೂ ಬಹಳ ಕಠಿಣವಾದರೂ ಕಲಿಕೆ ಕುಂದುತ್ತದೆ. ಆದ್ದರಿಂದ ಏಳು ವರ್ಷದ ಮಗು ಮೊದಲ ಕೆಲವು ವಾರ ಗೋಡೆಗೆ ಚೆಂಡೆಸೆದು ಹಿಡಿಯಲಿ. ಅದಕ್ಕೆ ಸಾಲು ಬೇಕಾಗಿಲ್ಲ, ಗೋಡೆ ಉದ್ದವಾಗಿಯೇ ಇರುತ್ತದೆ. ಆದರೆ ಸರಳೆ ವರಸೆಯನ್ನೇ ಹತ್ತಿರದಿಂದ ನೋಡಿದರೆ ಅದು ಬರೀ ಪುನರಾವರ್ತನೆಯ ಪರವಾಗಿ ನಿಲ್ಲುವುದಿಲ್ಲ. ಮಾಯಾಮಾಳವಗೌಳದ ಅವೇ ಏಳು ಸ್ವರಗಳು ಒಂದೊಂದು ವರಸೆಯಲ್ಲಿ ಒಂದೊಂದು ಜೋಡಣೆಯಲ್ಲಿ ಬರುತ್ತವೆ. ಒಂದೊಂದನ್ನೂ ಮೂರು ಕಾಲದಲ್ಲಿ ಹಾಡಿಸುತ್ತಾರೆ. ಜಂಟಿ ವರಸೆಯಲ್ಲಿ ಸ್ವರ ಜೋಡಿಯಾಗುತ್ತದೆ, ದಾಟು ವರಸೆಯಲ್ಲಿ ಜಿಗಿಯುತ್ತದೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬಿರುವ ಆ ಪಾಠಕ್ರಮ ಮಗುವನ್ನು ಒಂದೇ ಸ್ವರದ ಮುಂದೆ ಸಾಲು ನಿಲ್ಲಿಸುವುದಿಲ್ಲ. ಸ್ವರವನ್ನು ಸ್ಥಿರವಾಗಿಟ್ಟು ಸಂದರ್ಭವನ್ನು ಬದಲಿಸುತ್ತ ಹೋಗುತ್ತದೆ. ಲಕ್ರಾಸ್ ಅಭ್ಯಾಸದಿಂದ ಕೇಳುತ್ತಿರುವುದೂ ಅಷ್ಟನ್ನೇ.

ಎರಡನೆಯ ಆಕ್ಷೇಪ ಶಿಸ್ತಿನದು. ಮೂರು ಕಡೆ ಆಟ, ಕೂಗು, ಬಿದ್ದ ಚೆಂಡುಗಳು. ಸ್ಟ್ಯಾಂಡಿನಲ್ಲಿ ಕುಳಿತ ತಂದೆತಾಯಿಗೆ ಇದು ಗದ್ದಲವಾಗಿ ಕಾಣುತ್ತದೆ, ನೇರ ಸಾಲಿನಲ್ಲಿ ನಿಂತ ಮಕ್ಕಳು ಕಲಿಯುತ್ತಿರುವವರಂತೆ ಕಾಣುತ್ತಾರೆ. ಆದರೆ ಬ್ಯಾಡ್ಮಿಂಟನ್ ಪ್ರಯೋಗದ ಪಾಠವನ್ನು ಇಲ್ಲಿ ನೆನೆಯಬೇಕು. ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಕಾಣುವುದಕ್ಕೂ ವಾರದ ನಂತರ ನೆನಪಿನಲ್ಲಿ ಉಳಿಯುವುದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಬೀಳುವ ಚೆಂಡು ಸೋಲಿನ ಗುರುತೆಂದು ಭಾವಿಸಿದರೆ, ಕೋಚ್ ಚೆಂಡು ಬೀಳದಷ್ಟು ಸುಲಭದ ಕೆಲಸಗಳನ್ನೇ ಕೊಡತೊಡಗುತ್ತಾರೆ, ಕಲಿಕೆ ಅಲ್ಲಿಗೆ ನಿಂತುಹೋಗುತ್ತದೆ. ಶಿಸ್ತು ಇರಬೇಕಾದದ್ದು ಯೋಜನೆಯಲ್ಲಿ: ಗುಂಪುಗಳನ್ನು ಮೊದಲೇ ಮಾಡಿಟ್ಟುಕೊಳ್ಳುವುದು, ಒಂದು ಆಟದಿಂದ ಇನ್ನೊಂದಕ್ಕೆ ಅರ್ಧ ನಿಮಿಷದಲ್ಲಿ ದಾಟುವುದು, ಸೀಟಿ ಕೇಳಿದೊಡನೆ ಕೋಲು ಕೆಳಗಿಡುವುದು, ಮಾತು ಚುಟುಕಾಗಿರುವುದು. ಕೋಚ್ ಕೇಳುವ ಪ್ರಶ್ನೆಯೂ ಶಿಸ್ತಿನ ಭಾಗವೇ. ‘ಅಲ್ಲಿಗೆ ಎಸೆ’ ಎನ್ನುವುದಕ್ಕಿಂತ ‘ನಿನ್ನ ಕಾವಲಿಗ ಆಗ ಎತ್ತ ನೋಡುತ್ತಿದ್ದ?’ ಎಂದು ಕೇಳಿದರೆ ಮಗುವಿನ ಕಣ್ಣು ಮುಂದಿನ ಸಲ ಸರಿಯಾದ ಜಾಗಕ್ಕೆ ಹೋಗುತ್ತದೆ.

ಮೂರನೆಯ ಆಕ್ಷೇಪವನ್ನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ಬಾಕ್ಸ್ ಲಕ್ರಾಸ್ ಮೈಗೆ ಮೈ ತಾಗುವ ಆಟ. ಎದುರಾಳಿ ಇರುವ ಡ್ರಿಲ್ ಹೆಚ್ಚಾದಷ್ಟೂ ಪೆಟ್ಟು ಹೆಚ್ಚಾಗದೇ? ಅಂಜುವ, ನಿಧಾನವಾದ ಮಗು ಬಲಿಷ್ಠರ ನಡುವೆ ಮೂಲೆಗೆ ಸರಿಯದೇ? ಇವೆರಡಕ್ಕೂ ಮದ್ದು ಮತ್ತೆ ನಿಯಮಗಳಲ್ಲೇ ಇದೆ. ಕೋಲಿನಿಂದ ಹೊಡೆಯುವಂತಿಲ್ಲ, ಹಿಂದಿನಿಂದ ತಳ್ಳುವಂತಿಲ್ಲ, ಎದುರು ನಿಂತು ದಾರಿ ಮುಚ್ಚಬಹುದಷ್ಟೇ ಎಂದು ಕೋಚ್ ಹೇಳಬಹುದು. ಎಳೆಯ ವಯಸ್ಸಿನವರಿಗೆ ಮೆದು ಚೆಂಡು ಕೊಡಬಹುದು. ಮೈತಾಗುವಿಕೆಯನ್ನು ಹಂತಹಂತವಾಗಿ, ಸಮಬಲದವರ ಜೋಡಿಯಲ್ಲಿ, ನಿಂತ ನಿಲುವಿನಿಂದ ಆರಂಭಿಸಿ ಕಲಿಸಬಹುದು. ತನ್ನತ್ತ ಬರುವ ಎದುರಾಳಿಯನ್ನು ಮೊದಲೇ ಕಾಣಲು ಕಲಿತ ಮಗುವೇ ಪಂದ್ಯದಲ್ಲಿ ಹೆಚ್ಚು ಸುರಕ್ಷಿತ. ಆ ನೋಟವನ್ನು ಎದುರಾಳಿಯೇ ಇಲ್ಲದ ಸಾಲು ಕಲಿಸಲಾರದು. ಅಂಜುವ ಮಗುವಿನ ವಿಷಯದಲ್ಲೂ ಸಾಲು ತೋರುವ ಕರುಣೆ ಹೊರತೋರಿಕೆಯದು. ಎಲ್ಲರ ಕಣ್ಣೆದುರು ಒಂಟಿಯಾಗಿ ಎಸೆದು ತಪ್ಪುವುದಕ್ಕಿಂತ, ಮೂವರ ಆಟದಲ್ಲಿ ತಪ್ಪಿ, ಮರುಕ್ಷಣದಲ್ಲೇ ಮತ್ತೊಂದು ಅವಕಾಶ ಪಡೆಯುವುದು ಹಗುರ. ಐವರ ಆಟದಲ್ಲಿ ಬಚ್ಚಿಟ್ಟುಕೊಳ್ಳಬಹುದಾದ ಮಗುವಿಗೆ ಮೂವರ ಆಟದಲ್ಲಿ ಚೆಂಡು ಬಂದೇ ಬರುತ್ತದೆ. ಇಬ್ಬರ ವಿರುದ್ಧ ಒಬ್ಬರ ಆಟದಲ್ಲಿ ಸಂಖ್ಯಾಬಲವೇ ಆ ಮಗುವಿನ ಊರುಗೋಲು.

ಆಡಿ ಕಲಿಯುವುದು ಪ್ರಯೋಗಾಲಯದಲ್ಲಿ ಮೊದಲು ಹುಟ್ಟಿದ ವಿಚಾರವೂ ಅಲ್ಲ. ಈ ಆಟವನ್ನು ಜಗತ್ತಿಗೆ ಕೊಟ್ಟ ಜನರ ನಡುವೆ ಲಕ್ರಾಸ್ ಹಿರಿಯರೂ ಕಿರಿಯರೂ ಆಡುತ್ತ ತಲೆಮಾರಿನಿಂದ ತಲೆಮಾರಿಗೆ ದಾಟಿಬಂದಿದೆ. ಒಂಟೇರಿಯೊದ ಸಿಕ್ಸ್ ನೇಷನ್ಸ್ ಎಂಬ ಹೋಡೆನೊಶೋನಿ ಸಮುದಾಯದ ತಂಡ 1994ರಿಂದ 1996ರವರೆಗೆ ಸತತ ಮೂರು ವರ್ಷ ಕೆನಡಾದ ಹಿರಿಯರ ಅತ್ಯುನ್ನತ ಪ್ರಶಸ್ತಿಯಾದ ಮ್ಯಾನ್ ಕಪ್ ಗೆದ್ದದ್ದರ ಹಿಂದೆ ಇಂಥದೊಂದು ಬೇರು ಇದೆ. ಅಲ್ಲಿಂದ ಕೂಗಳತೆಯ ದೂರವೆನ್ನಬಹುದಾದ ಬ್ರಾಂಟ್‌ಫರ್ಡ್‌ನಲ್ಲಿ ಬೆಳೆದ ಹಾಕಿ ದಿಗ್ಗಜ ವೇಯ್ನ್ ಗ್ರೆಟ್ಸ್‌ಕಿ ಬಾಲ್ಯದ ಬೇಸಿಗೆಗಳಲ್ಲಿ ಲಕ್ರಾಸ್ ಆಡಿದವರು. ಅವರ ನಂತರದ ಆಟದ ಹಿರಿಮೆ ಬಲದ್ದಕ್ಕಿಂತ ನೋಟದ್ದಾಗಿತ್ತು ಎಂಬುದನ್ನು ಅವರನ್ನು ಕಂಡವರೆಲ್ಲ ಒಪ್ಪುತ್ತಾರೆ. ಒಂದು ಉದಾಹರಣೆಯಿಂದ ನಿಯಮ ಕಟ್ಟಲಾಗದು; ಆದರೆ ಬಾಕ್ಸ್ ಎಂಬ ಇಕ್ಕಟ್ಟು ಬೆಳೆಸಬಲ್ಲದ್ದು ಯಾವ ಗುಣವನ್ನು ಎಂಬುದಕ್ಕೆ ಅದೊಂದು ಸೂಚನೆ.

ಎಲ್ಲ ಮಕ್ಕಳೂ ಮಿಂಟೋ ಕಪ್ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಹೆಚ್ಚಿನವರ ಪಾಲಿಗೆ ಈ ಆಟ ಬಾಲ್ಯದ ಕೆಲವು ಬೇಸಿಗೆಗಳಷ್ಟೇ. ಆದ್ದರಿಂದಲೇ ಆ ಬೇಸಿಗೆಯ ನಿಮಿಷಗಳ ಲೆಕ್ಕವನ್ನು ದೊಡ್ಡವರು ಪ್ರಾಮಾಣಿಕವಾಗಿ ಇಡಬೇಕು. ವಾರಕ್ಕೊಂದು ಗಂಟೆಯ ಅಭ್ಯಾಸದಲ್ಲಿ ನಲವತ್ತು ನಿಮಿಷ ಮುಂದಿನವರ ಬೆನ್ನು ನೋಡುತ್ತ ನಿಂತ ಮಗು ಒಂದು ಋತು ಮುಗಿಯುವ ಹೊತ್ತಿಗೆ ತಾಳ್ಮೆಯನ್ನು ಕಲಿತಿರಬಹುದು, ಲಕ್ರಾಸನ್ನು ಕಲಿತಿರುವುದಿಲ್ಲ. ಕೋಚ್ ಆಗಿ ಬರುವ ಬಹುತೇಕ ತಂದೆತಾಯಿಯರು ಸಂಬಳವಿಲ್ಲದೆ, ಕೆಲಸದಿಂದ ನೇರ ಅಂಗಣಕ್ಕೆ ಓಡಿಬರುವವರು. ಅವರಿಗೆ ನೂರು ಡ್ರಿಲ್‌ಗಳ ಪಟ್ಟಿಯ ಅಗತ್ಯವಿಲ್ಲ. ಅಭ್ಯಾಸದ ನಡುವೆ ಒಮ್ಮೆ ತಲೆಯೆತ್ತಿ, ಈ ಗಳಿಗೆಯಲ್ಲಿ ಎಷ್ಟು ಮಕ್ಕಳು ಸುಮ್ಮನೆ ನಿಂತಿದ್ದಾರೆ ಎಂದು ಎಣಿಸಿದರೆ ಸಾಕು. ಆ ಎಣಿಕೆ ಎರಡನ್ನು ಮೀರಿದರೆ ಸಾಲನ್ನು ಒಡೆದು ಆಟ ಕಟ್ಟುವ ಸಮಯ ಬಂದಿದೆ ಎಂದರ್ಥ.